ಅಮೈನೊ ಪುಡಿ ಕುಡಿದರೂ ಸುಸ್ತು ಹೋಗುತ್ತಿಲ್ಲವೇ? ಮೊದಲಿನಿಂದ ಸರಿಯಾಗಿ ಮಾಡೋಣ

“ಎರಡು ತಿಂಗಳಿಂದ ಬಿಸಿಎಎ ಕುಡೀತಿದ್ದೀನಿ. ಆದ್ರೂ ಕೊನೇ ಸೆಟ್‌ನಲ್ಲಿ ಕೈ ಏಳಲ್ಲ. ಡೋಸ್ ಜಾಸ್ತಿ ಮಾಡ್ಲಾ?”

ಬೇಡ. (ಬಿಸಿಎಎ ಅಂದರೆ ಪ್ರೋಟೀನ್‌ನ ಇಟ್ಟಿಗೆಗಳಾದ ಅಮೈನೊ ಆಮ್ಲಗಳಲ್ಲಿ ಮೂರು ಸೇರಿದ ಪುಡಿ.) ಹೀಗೆ ಕೇಳುವವರಲ್ಲಿ ಹೆಚ್ಚಿನವರ ತೊಂದರೆ ಡೋಸ್‌ನಲ್ಲಿ ಇರುವುದಿಲ್ಲ, ಕ್ರಮದಲ್ಲಿ ಇರುತ್ತದೆ. ಮೊದಲು ಡಬ್ಬಿ ಮನೆಗೆ ಬರುತ್ತದೆ. ಸುಸ್ತು ಯಾವ ತರಹದ್ದು ಅನ್ನುವ ಯೋಚನೆ ಆಮೇಲೆ ಬರುತ್ತದೆ, ಬಂದರೆ. ನಾನೂ ಹಾಗೇ ಮಾಡಿದವನು. ಅರ್ಧ ಖಾಲಿಯಾದ ಮೂರು ಡಬ್ಬಿಗಳು ಶೆಲ್ಫ್ ಮೇಲೆ ಗಟ್ಟಿ ಕಟ್ಟಿಕೊಂಡು ಕೂತಾಗ ಬುದ್ಧಿ ಬಂತು.

ಇಲ್ಲಿ ಡಬ್ಬಿ ಬರುವುದು ನಾಲ್ಕನೇ ಹಂತದಲ್ಲಿ. ನೇರ ಅಲ್ಲಿಗೆ ಹಾರಬೇಡಿ. ಮೊದಲ ಎರಡು ಹಂತ ಮುಗಿಸುವಷ್ಟರಲ್ಲಿ ಎಷ್ಟೋ ಜನರಿಗೆ ಡಬ್ಬಿಯೇ ಬೇಕಾಗುವುದಿಲ್ಲ.

## ಶುರು ಮಾಡುವ ಮುಂಚೆ: ಯಾರು ವೈದ್ಯರನ್ನು ಕೇಳದೆ ಮುಟ್ಟಬಾರದು

ಮೂತ್ರಪಿಂಡ ಅಥವಾ ಯಕೃತ್ತಿನ ತೊಂದರೆ ಇರುವವರು, ಗರ್ಭಿಣಿಯರು, ಹಾಲುಣಿಸುವ ತಾಯಂದಿರು, 18 ವರ್ಷ ಆಗದವರು ಸ್ವಂತ ಬುದ್ಧಿಯಿಂದ ಶುರು ಮಾಡಬೇಡಿ.

ಮಾತ್ರೆ ತೆಗೆದುಕೊಳ್ಳುವವರು ಇನ್ನೂ ಹುಷಾರು. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಲೆವೊಡೋಪಾ, ಅಮೈನೊ ಆಮ್ಲಗಳು ಹೋಗುವ ದಾರಿಯಲ್ಲೇ ಕರುಳಿನಿಂದ ರಕ್ತಕ್ಕೂ ರಕ್ತದಿಂದ ಮೆದುಳಿಗೂ ಹೋಗುತ್ತದೆ. ಪುಡಿ ಕುಡಿದರೆ ಔಷಧಿಗೆ ದಾರಿ ಸಿಗದೆ ಹೋಗಬಹುದು. ಬಿಪಿ ಮಾತ್ರೆ, ಹೃದಯಕ್ಕೆ ಕೊಡುವ ನೈಟ್ರೇಟ್, ಸಿಲ್ಡೆನಾಫಿಲ್ ತರಹದ ಮಾತ್ರೆಗಳ ಜೊತೆ ಸಿಟ್ರುಲಿನ್ ಅಥವಾ ಅರ್ಜಿನಿನ್ ಅನ್ನುವ ಅಮೈನೊ ಆಮ್ಲ ಸೇರಿದರೆ ರಕ್ತದೊತ್ತಡ ಬಿದ್ದುಹೋಗುವ ಅಪಾಯ ಇದೆ. ಖಿನ್ನತೆಯ ಮಾತ್ರೆ ತೆಗೆದುಕೊಳ್ಳುವವರು ಟ್ರಿಪ್ಟೋಫಾನ್ ಅನ್ನುವ ಅಮೈನೊ ಆಮ್ಲ ಇರುವ ಡಬ್ಬಿಯನ್ನು ಕೆಳಗಿಡಿ.

ಫಿನೈಲ್‌ಕೀಟೋನೂರಿಯಾ (ಫಿನೈಲ್‌ಅಲನಿನ್ ಅನ್ನುವ ಅಮೈನೊ ಆಮ್ಲವನ್ನು ದೇಹ ಸರಿಯಾಗಿ ಒಡೆಯಲಾಗದ ಹುಟ್ಟು ಕಾಯಿಲೆ) ಇರುವವರು ಸಿಹಿಕಾರಕವನ್ನೂ ನೋಡಬೇಕು. ಆಸ್ಪರ್ಟೇಮ್ ಅಂದರೆ ಒಳಗೆ ಫಿನೈಲ್‌ಅಲನಿನ್ ಇದೆ ಅಂತಲೇ ಅರ್ಥ.

## ಬೇಕಾದ ಸಾಮಾನು

0.1 ಗ್ರಾಂವರೆಗೆ ತೋರಿಸುವ ಚಿಕ್ಕ ಎಲೆಕ್ಟ್ರಾನಿಕ್ ತಕ್ಕಡಿ. ದೇಹದ ತೂಕ ನೋಡುವ ಯಂತ್ರ. ಸ್ಟಾಪ್‌ವಾಚ್. ಒಂದು ನೋಟ್‌ಬುಕ್. ಒಂದೇ ತರಹದ, ಒಳಗೇನಿದೆ ಅಂತ ಕಾಣದ ಎರಡು ಬಾಟಲಿ. ಸುಳ್ಳು ಹೇಳದ ಒಬ್ಬ ಸ್ನೇಹಿತ. ಆರನೇ ಹಂತದಲ್ಲಿ ಇವರ ಕೆಲಸ ಇದೆ.

ಡಬ್ಬಿಯೊಳಗಿನ ಸ್ಕೂಪ್ ಈ ಪಟ್ಟಿಯಲ್ಲಿ ಇಲ್ಲ. ಯಾಕೆ ಅಂತ ಮುಂದೆ ಹೇಳ್ತೀನಿ.

## ಹಂತ 1: ಸುಸ್ತು ಎಷ್ಟನೇ ನಿಮಿಷಕ್ಕೆ ಬರುತ್ತದೆ, ಬರೆಯಿರಿ

ಎರಡು ವಾರ ಹೊಸದೇನೂ ಕುಡಿಯಬೇಡಿ. ಮಾಮೂಲಿ ವ್ಯಾಯಾಮ ಮಾಡಿ, ಪ್ರತಿ ಸಲ ಐದು ವಿಷಯ ಬರೆಯಿರಿ: ಹಿಂದಿನ ರಾತ್ರಿ ಎಷ್ಟು ಗಂಟೆ ನಿದ್ದೆ, ಕೊನೆಯ ಊಟ ಎಷ್ಟು ಹೊತ್ತಿಗೆ, ಏನು ಕೆಲಸ ಮಾಡಿದಿರಿ, ಎಷ್ಟನೇ ನಿಮಿಷಕ್ಕೆ ಅಥವಾ ಎಷ್ಟನೇ ಸೆಟ್‌ಗೆ ಕೈಕಾಲು ಸೋತಿತು, ಸೋತಾಗ ಹೇಗನ್ನಿಸಿತು.

ಕೊನೆಯದು ಬಹಳ ಮುಖ್ಯ. “ಸುಸ್ತಾಯ್ತು” ಅಂತ ಬರೆದರೆ ಉಪಯೋಗವಿಲ್ಲ. ತೊಡೆ ಉರಿಯಿತೇ? ಉಸಿರು ಸಾಲಲಿಲ್ಲವೇ? ಕಾಲು ಕಲ್ಲಾಯಿತೇ? ಮೈಯಲ್ಲಿ ಶಕ್ತಿ ಇದ್ದರೂ ಮನಸ್ಸು ಸಾಕು ಅಂದಿತೇ? ಜೊತೆಗೆ ಎಷ್ಟು ಕಷ್ಟ ಅನ್ನಿಸಿತು ಅನ್ನುವುದಕ್ಕೆ 0ಯಿಂದ 10ರವರೆಗೆ ಒಂದು ಅಂಕ ಕೊಡಿ.

ಎರಡು ವಾರದ ಪುಟಗಳನ್ನು ಒಟ್ಟಿಗೆ ಓದಿದರೆ ನಿಮ್ಮ ಸುಸ್ತು ಸಾಮಾನ್ಯವಾಗಿ ಈ ನಾಲ್ಕರಲ್ಲಿ ಒಂದಕ್ಕೆ ಸೇರುತ್ತದೆ.

ಒಂದು. ಮೊದಲ ಓಟ ಅಥವಾ ಮೊದಲ ಸೆಟ್ ಭರ್ಜರಿ. ಐದನೆಯದರ ಹೊತ್ತಿಗೆ ಅರ್ಧ ಬಲ. ಪ್ರತಿ ಸಲದ ಕೆಲಸ ಕೆಲವೇ ಸೆಕೆಂಡಿನದು. ಇಲ್ಲಿ ಖಾಲಿಯಾಗುವುದು ಫಾಸ್ಫೊಕ್ರಿಯೇಟಿನ್, ಅಂದರೆ ಸ್ನಾಯು ಥಟ್ಟನೆ ಬಳಸುವ ಶಕ್ತಿಯ ದಾಸ್ತಾನು.

ಎರಡು. 1ರಿಂದ 4 ನಿಮಿಷದ ಪೂರ್ತಿ ದಮ್ಮಿನ ಕೆಲಸ, ಕೊನೆಗೆ ಬೆಂಕಿ ಇಟ್ಟಂಥ ಉರಿ. ಸ್ನಾಯುವಿನೊಳಗೆ ಆಮ್ಲೀಯತೆ ಏರುವುದು ಇದರ ಕಾರಣಗಳಲ್ಲಿ ಒಂದು.

ಮೂರು. ಮೊದಲ ಒಂದು ಗಂಟೆ ಚೆನ್ನಾಗಿದ್ದು, ಆಮೇಲೆ ಕಾಲು ಭಾರ, ತಲೆ ಮಂಜು, ಸಿಡುಕು. ಗ್ಲೈಕೋಜನ್, ಅಂದರೆ ದೇಹ ಕೂಡಿಟ್ಟ ಸಕ್ಕರೆ, ತಳ ಮುಟ್ಟಿದೆ.

ನಾಲ್ಕು. ಶುರು ಮಾಡುವ ಮುಂಚೆಯೇ ಸುಸ್ತು. ಮೆಟ್ಟಿಲು ಹತ್ತಿದರೂ ಏದುಸಿರು, ವಾರಗಟ್ಟಲೆ ಹೀಗೇ. ಇದಕ್ಕೆ ಯಾವ ಪುಡಿಯೂ ಬೇಡ, ರಕ್ತ ಪರೀಕ್ಷೆ ಬೇಕು. ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆ, ಕಡಿಮೆ ಊಟ, ಅತಿಯಾದ ತರಬೇತಿ, ಯಾವುದೂ ಆಗಿರಬಹುದು. ಈ ಗುಂಪಿನವರು ಇಲ್ಲೇ ನಿಲ್ಲಿಸಿ ವೈದ್ಯರ ಹತ್ತಿರ ಹೋಗಿ.

## ಹಂತ 2: ಪುಡಿಗಿಂತ ಮುಂಚೆ ತೂತು ಮುಚ್ಚಿ

ತೂತಾದ ಕೊಡಕ್ಕೆ ಎಷ್ಟು ನೀರು ಸುರಿದರೇನು? ಈ ಹಂತಕ್ಕೆ ಇನ್ನೆರಡು ವಾರ ಕೊಡಿ.

ಮೊದಲು ಕಾರ್ಬೋಹೈಡ್ರೇಟ್. ಒಂದು ಗಂಟೆಗಿಂತ ಜಾಸ್ತಿ ಹೊತ್ತಿನ ಜೋರು ವ್ಯಾಯಾಮಕ್ಕೆ ಗಂಟೆಗೆ 30ರಿಂದ 60 ಗ್ರಾಂ ಬೇಕು. ಎರಡೂವರೆ ಗಂಟೆ ದಾಟಿದರೆ 90 ಗ್ರಾಂವರೆಗೂ ಹೋಗಬಹುದು, ಆದರೆ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎರಡೂ ಸೇರಿರಬೇಕು. ಒಂದೇ ತರಹದ ಸಕ್ಕರೆಯನ್ನು ಕರುಳು ಅಷ್ಟು ಬೇಗ ಎಳೆದುಕೊಳ್ಳುವುದಿಲ್ಲ. ಮೂರನೇ ಗುಂಪಿನವರ ಸುಸ್ತಿಗೆ ಮದ್ದು ಇದೇ.

ಆಮೇಲೆ ನೀರು. ವ್ಯಾಯಾಮಕ್ಕೆ ಮುಂಚೆ ಮತ್ತು ಆದಮೇಲೆ ಕಡಿಮೆ ಬಟ್ಟೆಯಲ್ಲಿ ತೂಕ ನೋಡಿ. 0.8 ಕೆಜಿ ಇಳಿದಿದೆ, ನಡುವೆ ಅರ್ಧ ಲೀಟರ್ ಕುಡಿದಿದ್ದೀರಿ ಅಂದರೆ ಹೋದ ಬೆವರು ಸುಮಾರು 1.3 ಲೀಟರ್. ತೂಕ ಶೇ 2ಕ್ಕಿಂತ ಜಾಸ್ತಿ ಇಳಿಯದ ಹಾಗೆ ನೋಡಿಕೊಳ್ಳಿ. ಹಾಗಂತ ತೂಕ ಏರುವಷ್ಟು ಕುಡಿಯಬೇಡಿ, ಅದು ಇನ್ನೊಂದು ಅಪಾಯ.

ದಿನದ ಪ್ರೋಟೀನ್ ಲೆಕ್ಕ ಹಾಕಿ. ಜೋರಾಗಿ ವ್ಯಾಯಾಮ ಮಾಡುವವರಿಗೆ ದೇಹದ ಪ್ರತಿ ಕೆಜಿಗೆ 1.4ರಿಂದ 2 ಗ್ರಾಂ. 70 ಕೆಜಿ ಇದ್ದರೆ 98ರಿಂದ 140 ಗ್ರಾಂ. ಇಷ್ಟು ಊಟದಲ್ಲೇ ಬರುತ್ತಿದ್ದರೆ ಎಲ್ಲ ಅಮೈನೊ ಆಮ್ಲಗಳೂ ಆಗಲೇ ಒಳಗೆ ಹೋಗುತ್ತಿವೆ.

ನಿದ್ದೆ ಬಗ್ಗೆ ಭಾಷಣ ಬೇಡ. ನೋಟ್‌ಬುಕ್‌ನಲ್ಲಿ ಐದು ಗಂಟೆ ಅಂತ ಬರೆದ ದಿನಗಳನ್ನು ಏಳು ಗಂಟೆಯ ದಿನಗಳ ಪಕ್ಕ ಇಟ್ಟು ನೋಡಿ, ಸಾಕು.

## ಹಂತ 3: ಸುಸ್ತಿಗೆ ತಕ್ಕ ಒಂದನ್ನು ಮಾತ್ರ ಆರಿಸಿ

ಒಂದೇ. ಎರಡಲ್ಲ. ಎರಡು ಒಟ್ಟಿಗೆ ಶುರು ಮಾಡಿದರೆ ಯಾವುದು ಕೆಲಸ ಮಾಡಿತು, ಯಾವುದು ಹೊಟ್ಟೆ ಕೆಡಿಸಿತು ಅಂತ ಗೊತ್ತಾಗುವುದಿಲ್ಲ.

### ಬಿಸಿಎಎ: ಎಲ್ಲರೂ ಇಲ್ಲಿಂದಲೇ ಶುರು ಮಾಡುತ್ತಾರೆ, ಎಡವುವುದೂ ಇಲ್ಲೇ

ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಈ ಮೂರು ಸೇರಿದರೆ ಬಿಸಿಎಎ. ಇದು ಸುಸ್ತು ಕಡಿಮೆ ಮಾಡುತ್ತದೆ ಅನ್ನುವ ಮಾತಿಗೆ ಹಿಂದೆ ಒಂದು ವಾದ ಇದೆ. ಅದನ್ನು ತಿಳಿದುಕೊಂಡರೆ ಡಬ್ಬಿಯ ಮೇಲಿನ ಅರ್ಧ ಮಾತು ತಾನಾಗಿಯೇ ಅರ್ಥವಾಗುತ್ತದೆ.

ಬಹಳ ಹೊತ್ತು ವ್ಯಾಯಾಮ ಮಾಡಿದಾಗ ದೇಹ ಕೊಬ್ಬನ್ನು ರಕ್ತಕ್ಕೆ ಬಿಡುತ್ತದೆ. ಈ ಕೊಬ್ಬಿನಾಮ್ಲಗಳು ಆಲ್ಬುಮಿನ್ ಅನ್ನುವ ಪ್ರೋಟೀನ್ ಮೇಲೆ ಸವಾರಿ ಮಾಡುತ್ತವೆ. ಅಲ್ಲಿ ಮೊದಲೇ ಕೂತಿದ್ದ ಟ್ರಿಪ್ಟೋಫಾನ್ ಅನ್ನು ತಳ್ಳಿಬಿಡುತ್ತವೆ. ಬಿಡುಗಡೆಯಾದ ಟ್ರಿಪ್ಟೋಫಾನ್ ಮೆದುಳಿನ ಬಾಗಿಲಿಗೆ ಹೋಗುತ್ತದೆ, ಒಳಗೆ ಸಿರೊಟೋನಿನ್ ಅನ್ನುವ ಮೆದುಳಿನ ರಾಸಾಯನಿಕ ಆಗುತ್ತದೆ, ಮನಸ್ಸು ‘ಸಾಕು’ ಅನ್ನುತ್ತದೆ. ಬಿಸಿಎಎ ಒಳಗೆ ಹೋಗುವುದೂ ಅದೇ ಬಾಗಿಲಿನಿಂದ. ಹಾಗಾದರೆ ಬಿಸಿಎಎ ಜಾಸ್ತಿ ಕುಡಿದು ಬಾಗಿಲಲ್ಲಿ ನೂಕುನುಗ್ಗಲು ಮಾಡಿದರೆ ಟ್ರಿಪ್ಟೋಫಾನ್ ಹೊರಗೇ ಉಳಿಯುತ್ತದೆ, ಅಲ್ವಾ?

ಕಾಗದದ ಮೇಲೆ ಚೆಂದವಾಗಿದೆ. ಆದರೆ ಓಡಿಸಿ, ಸೈಕಲ್ ತುಳಿಸಿ ನೋಡಿದಾಗ ಕೆಲವು ಸಲ ಕಷ್ಟ ಸ್ವಲ್ಪ ಕಡಿಮೆ ಅನ್ನಿಸಿದೆ, ಅಷ್ಟೇ. ಹೋದ ದೂರ, ಹಿಡಿದ ಸಮಯ ಭರವಸೆಯಿಂದ ಸುಧಾರಿಸಿದ್ದು ಕಾಣುವುದಿಲ್ಲ. ಕಾರಣಗಳೂ ಇವೆ. ಬಿಸಿಎಎ ಸ್ನಾಯುವಿನಲ್ಲಿ ಒಡೆದಾಗ ಅಮೋನಿಯಾ ಹುಟ್ಟುತ್ತದೆ. ದೊಡ್ಡ ಡೋಸ್ ಕುಡಿದರೆ ರಕ್ತದಲ್ಲಿ ಅದು ಏರುತ್ತದೆ, ಅದೂ ಸುಸ್ತಿನ ಕಡೆಗೇ ಎಳೆಯುವ ವಸ್ತು. ಇನ್ನೊಂದು ಕಡೆ, ವ್ಯಾಯಾಮದ ನಡುವೆ ಸಕ್ಕರೆ ನೀರು ಕುಡಿದರೆ ದೇಹ ಅಷ್ಟೊಂದು ಕೊಬ್ಬು ಬಿಡುವುದೇ ಇಲ್ಲ. ಟ್ರಿಪ್ಟೋಫಾನ್ ಕೂತಲ್ಲೇ ಕೂತಿರುತ್ತದೆ. ದುಬಾರಿ ಪುಡಿಯಿಂದ ಬಾಗಿಲಿಗೆ ಅಡ್ಡ ನಿಲ್ಲುವ ಬದಲು ಮೂಲದಲ್ಲೇ ಕೆಲಸ ಮುಗಿಯಿತು.

ಡೋಸ್ ಜಾಸ್ತಿ ಮಾಡಲಾ ಅಂತ ಕೇಳುವವರಿಗೆ ಬೇಡ ಅನ್ನುವುದು ಇದಕ್ಕೇ.

ಸ್ನಾಯು ಕಟ್ಟುವುದಕ್ಕೆ ಅಂತ ಕುಡಿಯುವವರಿಗೂ ಒಂದು ಮಾತು. ಲ್ಯೂಸಿನ್ ಕೆಲಸ ಶುರು ಮಾಡಿ ಅಂತ ಶಿಳ್ಳೆ ಹೊಡೆಯುತ್ತದೆ, ನಿಜ. ಆದರೆ ಗೋಡೆ ಏಳಬೇಕಾದರೆ ಒಂಬತ್ತು ಅಗತ್ಯ ಅಮೈನೊ ಆಮ್ಲಗಳೂ ಬೇಕು. ಮೂರೇ ಕೊಟ್ಟರೆ ಉಳಿದ ಆರನ್ನು ದೇಹ ಎಲ್ಲಿಂದ ತರಬೇಕು? 25 ಗ್ರಾಂ ವ್ಹೇ (ಹಾಲಿನಿಂದ ತೆಗೆದ) ಪ್ರೋಟೀನ್‌ನಲ್ಲಿ 5ರಿಂದ 6 ಗ್ರಾಂ ಬಿಸಿಎಎ ಹೇಗೂ ಇರುತ್ತದೆ, ಜೊತೆಗೆ ಉಳಿದ ಆರೂ ಇರುತ್ತವೆ. ಮರುದಿನದ ಮೈಕೈ ನೋವು ಸ್ವಲ್ಪ ತಗ್ಗಬಹುದು ಅನ್ನುವುದು ಬಿಟ್ಟರೆ ಪ್ರೋಟೀನ್ ಸಾಕಷ್ಟು ತಿನ್ನುವವರಿಗೆ ಬಿಸಿಎಎ ಕೊಡುವುದು ಕಡಿಮೆ.

### ಬೀಟಾ ಅಲನಿನ್: ಎರಡನೇ ಗುಂಪಿನವರಿಗೆ

ಇದು ಸ್ನಾಯುವಿನೊಳಗೆ ಹಿಸ್ಟಿಡಿನ್ ಜೊತೆ ಸೇರಿ ಕಾರ್ನೋಸಿನ್ ಆಗುತ್ತದೆ. ಕಾರ್ನೋಸಿನ್ ಆಮ್ಲೀಯತೆಯನ್ನು ಹೀರಿಕೊಳ್ಳುತ್ತದೆ. ಕೆಲಸ ಮಾಡುವುದು ಮುಖ್ಯವಾಗಿ 1ರಿಂದ 4 ನಿಮಿಷದ ಶ್ರಮದಲ್ಲಿ.

ಇದನ್ನು ವ್ಯಾಯಾಮಕ್ಕೆ ಅರ್ಧ ಗಂಟೆ ಮುಂಚೆ ಕುಡಿಯುವವರೇ ಹೆಚ್ಚು. ತಪ್ಪು. ಇವತ್ತು ಕುಡಿದದ್ದು ಇವತ್ತು ಕೆಲಸಕ್ಕೆ ಬರುವುದಿಲ್ಲ. ಕಾರ್ನೋಸಿನ್ ದಿನದಿನ ತುಂಬಬೇಕು, ಕನಿಷ್ಠ ನಾಲ್ಕು ವಾರ. ದಿನಕ್ಕೆ 4ರಿಂದ 6 ಗ್ರಾಂ, ಊಟಗಳ ಜೊತೆ ಭಾಗ ಮಾಡಿ. 1.6 ಗ್ರಾಂನಂತೆ ಮೂರು ಸಲ ಅಂದರೆ 4.8 ಗ್ರಾಂ. ವ್ಯಾಯಾಮ ಇಲ್ಲದ ದಿನವೂ ತಪ್ಪಿಸಬಾರದು. ನಾಲ್ಕು ವಾರಕ್ಕೆ ಸುಮಾರು 135 ಗ್ರಾಂ ಬೇಕು. 100 ಗ್ರಾಂ ಡಬ್ಬಿ ತಂದು ಮುಗಿಯಿತು, ಏನೂ ಆಗಲಿಲ್ಲ ಅನ್ನಬೇಡಿ.

ಒಮ್ಮೆಲೇ ಜಾಸ್ತಿ ತೆಗೆದುಕೊಂಡರೆ ಜುಮುಜುಮು ಶುರುವಾಗುತ್ತದೆ. ನನಗೆ ಮೊದಲ ಸಲ ಕಿವಿಯ ತುದಿಯಲ್ಲಿ ಶುರುವಾಗಿ ಕೆನ್ನೆ, ಕುತ್ತಿಗೆ, ಅಂಗೈ ಹಿಂಭಾಗಕ್ಕೆ ಹರಡಿತು. ಮೈಮೇಲೆ ಇರುವೆ ಹರಿದಂತೆ. ಗಾಬರಿಯಿಂದ ಅಂಗಿ ಕಳಚಿ ಕೊಡವಿದ್ದೆ. ಒಂದು ಗಂಟೆಯೊಳಗೆ ತಾನಾಗಿ ಹೋಗುತ್ತದೆ, ಅಪಾಯವಿಲ್ಲ. ಪ್ರತಿ ಸಲದ ಪ್ರಮಾಣ 0.8 ಗ್ರಾಂಗೆ ಇಳಿಸಿದರೆ ಅಥವಾ ನಿಧಾನವಾಗಿ ಕರಗುವ ಮಾತ್ರೆ ತಂದರೆ ಕಡಿಮೆಯಾಗುತ್ತದೆ. ಜುಮುಜುಮು ಬಂದರೆ ಪುಡಿ ಕೆಲಸ ಮಾಡುತ್ತಿದೆ ಅನ್ನುವುದು ಸುಳ್ಳು. ಎರಡಕ್ಕೂ ಸಂಬಂಧ ಇಲ್ಲ.

### ಕ್ರಿಯೇಟಿನ್: ಮೊದಲನೇ ಗುಂಪಿನವರಿಗೆ

ಇದು ಅಮೈನೊ ಆಮ್ಲ ಅಲ್ಲ. ದೇಹ ಇದನ್ನು ಅರ್ಜಿನಿನ್, ಗ್ಲೈಸಿನ್, ಮೆಥಿಯೊನಿನ್ ಬಳಸಿ ಮಾಡಿಕೊಳ್ಳುತ್ತದೆ. ದಿನಕ್ಕೆ 3ರಿಂದ 5 ಗ್ರಾಂ ಮೊನೊಹೈಡ್ರೇಟ್, ಯಾವ ಹೊತ್ತಿಗಾದರೂ. ಮೂರು–ನಾಲ್ಕು ವಾರಕ್ಕೆ ಸ್ನಾಯು ತುಂಬುತ್ತದೆ. ಬೇಗ ಬೇಕು ಅಂದರೆ 5 ಗ್ರಾಂನಂತೆ ದಿನಕ್ಕೆ ನಾಲ್ಕು ಸಲ, 5ರಿಂದ 7 ದಿನ. ಇಪ್ಪತ್ತು ಗ್ರಾಂ ಒಂದೇ ಸಲ ಕುಡಿದರೆ ದಿನವಿಡೀ ಶೌಚಾಲಯ ಬಿಟ್ಟು ಬರೋಕಾಗಲ್ಲ. ಸ್ನಾಯುವಿನಲ್ಲಿ ನೀರು ಸೇರಿ ಸುಮಾರು ಒಂದು ಕೆಜಿ ತೂಕ ಏರಬಹುದು. ರಕ್ತ ಪರೀಕ್ಷೆ ಮಾಡಿಸುವಾಗ ಕ್ರಿಯೇಟಿನ್ ತೆಗೆದುಕೊಳ್ಳುತ್ತಿರುವುದನ್ನು ವೈದ್ಯರಿಗೆ ಹೇಳಿ. ವರದಿಯಲ್ಲಿ ಕ್ರಿಯೇಟಿನಿನ್ (ಮೂತ್ರಪಿಂಡದ ಕೆಲಸ ತಿಳಿಯಲು ಅಳೆಯುವ ವಸ್ತು) ಜಾಸ್ತಿ ಕಂಡು ಸುಮ್ನೆ ಎಲ್ಲರೂ ಹೆದರುವುದು ಬೇಡ.

### ಉಳಿದವು

ಸಿಟ್ರುಲಿನ್ ಮ್ಯಾಲೇಟ್: 6ರಿಂದ 8 ಗ್ರಾಂ, ವ್ಯಾಯಾಮಕ್ಕೆ ಒಂದು ಗಂಟೆ ಮುಂಚೆ. ಭಾರ ಎತ್ತುವಾಗ ಒಂದೆರಡು ರೆಪ್ ಜಾಸ್ತಿ ಸಿಕ್ಕಿದ್ದೂ ಇದೆ, ಏನೂ ಸಿಗದಿದ್ದದ್ದೂ ಇದೆ. ಅರ್ಜಿನಿನ್ ಬಾಯಿಂದ ಕುಡಿದರೆ ದೊಡ್ಡ ಪಾಲು ಕರುಳು, ಯಕೃತ್ತಿನಲ್ಲೇ ಒಡೆದುಹೋಗುತ್ತದೆ. ಸಿಟ್ರುಲಿನ್ ಅದನ್ನು ತಪ್ಪಿಸಿಕೊಂಡು ಹೋಗಿ ಮೂತ್ರಪಿಂಡದಲ್ಲಿ ಅರ್ಜಿನಿನ್ ಆಗುತ್ತದೆ. ಹಾಗಾಗಿ ಎರಡರಲ್ಲಿ ಒಂದು ಅಂದರೆ ಸಿಟ್ರುಲಿನ್. ಗ್ಲುಟಮಿನ್ ಅನ್ನುವ ಇನ್ನೊಂದು ಅಮೈನೊ ಆಮ್ಲವನ್ನು ವ್ಯಾಯಾಮದ ಸುಸ್ತಿಗೆ ಅಂತ ಕೊಳ್ಳಬೇಡಿ.

## ಹಂತ 4: ಡಬ್ಬಿ ತಿರುಗಿಸಿ ಹಿಂದಿನ ಲೇಬಲ್ ಓದಿ

ಮುಂದಿನ ಕಡೆ ದೊಡ್ಡ ಅಕ್ಷರದಲ್ಲಿ ಇರುವುದೆಲ್ಲ ಜಾಹೀರಾತು. ಹಿಂದೆ ನೋಡಿ.

1. ಪ್ರತಿ ಪದಾರ್ಥದ ಎದುರು ಗ್ರಾಂ ಬರೆದಿರಬೇಕು. ‘ಪ್ರೊಪ್ರೈಟರಿ ಬ್ಲೆಂಡ್ 12 ಗ್ರಾಂ’ ಅಂತ ಒಟ್ಟು ಲೆಕ್ಕ ಕೊಟ್ಟು ಕೆಳಗೆ ಹತ್ತು ಹೆಸರು ಸಾಲಾಗಿದ್ದರೆ ಡಬ್ಬಿ ವಾಪಸ್ ಇಡಿ. ನಿಮಗೆ ಬೇಕಾದದ್ದು ಎಷ್ಟಿದೆ ಅಂತ ತಿಳಿಯಲು ದಾರಿಯೇ ಇಲ್ಲ.
2. ಸಿಟ್ರುಲಿನ್ ಮ್ಯಾಲೇಟ್ 2:1 (ತೂಕದಲ್ಲಿ ಎರಡು ಪಾಲು ಸಿಟ್ರುಲಿನ್, ಒಂದು ಪಾಲು ಮ್ಯಾಲೇಟ್) ಅಂತ ಇದ್ದರೆ 8 ಗ್ರಾಂನಲ್ಲಿ ಸಿಟ್ರುಲಿನ್ ಸುಮಾರು 5.3 ಗ್ರಾಂ ಮಾತ್ರ. ಬರೀ ಸಿಟ್ರುಲಿನ್ ಡಬ್ಬಿಯ ಜೊತೆ ಹೋಲಿಸುವಾಗ ಇದು ನೆನಪಿರಲಿ.
3. ಬಿಸಿಎಎ 8:1:1 ಅನ್ನುವುದು 2:1:1ಕ್ಕಿಂತ ನಾಲ್ಕು ಪಟ್ಟು ಒಳ್ಳೆಯದು ಅಂತಲ್ಲ. ಲ್ಯೂಸಿನ್ ಪಾಲು ಏರಿದೆ, ಉಳಿದೆರಡು ಇಳಿದಿವೆ.
4. ಕೆಫೀನ್ ಹುಡುಕಿ. ‘ಪ್ರೀ ವರ್ಕೌಟ್’ ಡಬ್ಬಿಗಳ ಚುರುಕು ಬಹಳ ಸಲ ಇದರದ್ದೇ, ಹೊಗಳಿಕೆ ಮಾತ್ರ ಅಮೈನೊಗಳಿಗೆ. ಆರೋಗ್ಯವಂತ ವಯಸ್ಕರಿಗೆ ದಿನದ ಮಿತಿ 400 ಮಿಗ್ರಾಂ, ಕಾಫಿ ಟೀ ಎಲ್ಲ ಸೇರಿಸಿ.
5. ಪ್ರೋಟೀನ್ ಪುಡಿಯ ಪಟ್ಟಿಯಲ್ಲಿ ಗ್ಲೈಸಿನ್, ಟೌರೀನ್ ಬೇರೆಯಾಗಿ ಸೇರಿಸಿದ್ದಾರೆಯೇ ನೋಡಿ. ಪ್ರೋಟೀನ್ ಅಳೆಯುವ ಒಂದು ಸಾಮಾನ್ಯ ವಿಧಾನದಲ್ಲಿ ಸಾರಜನಕ ಅಳೆದು 6.25ರಿಂದ ಗುಣಿಸುತ್ತಾರೆ. ಅಗ್ಗದ ಅಮೈನೊ ಸುರಿದರೆ ಸಾರಜನಕ ಏರುತ್ತದೆ, ಕಾಗದದ ಮೇಲೆ ಪ್ರೋಟೀನೂ ಏರುತ್ತದೆ.

ಸ್ಪರ್ಧೆಗಳಲ್ಲಿ ಡೋಪಿಂಗ್ ಪರೀಕ್ಷೆಗೆ ಒಳಗಾಗುವವರು ಇನ್‌ಫಾರ್ಮ್ಡ್ ಸ್ಪೋರ್ಟ್ ಅಥವಾ ಎನ್‌ಎಸ್‌ಎಫ್ ಸರ್ಟಿಫೈಡ್ ಫಾರ್ ಸ್ಪೋರ್ಟ್ ಗುರುತು ಇರುವ ಡಬ್ಬಿಯನ್ನೇ ತೆಗೆದುಕೊಳ್ಳಿ. ಬ್ಯಾಚ್ ಸಂಖ್ಯೆಯ ಫೋಟೊ ತೆಗೆದಿಡಿ. ನಿಷೇಧಿತ ವಸ್ತು ಮೈಯಲ್ಲಿ ಸಿಕ್ಕರೆ ಉತ್ತರ ಕೊಡಬೇಕಾದವರು ಆಟಗಾರರೇ, ‘ಲೇಬಲ್‌ನಲ್ಲಿ ಇರಲಿಲ್ಲ’ ಅಂದರೆ ಮುಗಿಯುವುದಿಲ್ಲ.

## ಹಂತ 5: ತೂಗಿ, ಆಮೇಲೆ ಕಲಸಿ

ಸ್ಕೂಪ್ ಅಳೆಯುವುದು ಎಷ್ಟು ಜಾಗ ತುಂಬಿತು ಅಂತ, ತೂಕವನ್ನಲ್ಲ. ಹೊಸ ಡಬ್ಬಿಯ ಮೇಲಿನ ಪುಡಿ ಹಗುರ, ಅಲುಗಾಡಿ ಕೂತ ತಳದ ಪುಡಿ ಗಟ್ಟಿ. ಅದೇ ಸ್ಕೂಪ್, ಬೇರೆ ತೂಕ. ಒಮ್ಮೆ ತಕ್ಕಡಿಯಲ್ಲಿ ಹಾಕಿ ನೋಡಿದರೆ ಮತ್ತೆ ಸ್ಕೂಪ್ ನಂಬುವುದಿಲ್ಲ.

ಬಿಸಿಎಎ ಕಲಸುವಾಗ ನೀರು ಮೊದಲು, ಪುಡಿ ಆಮೇಲೆ. ಲ್ಯೂಸಿನ್‌ಗೆ ನೀರು ಅಂದರೆ ಆಗದು, ಮೇಲೆ ತೇಲಿ ಶೇಕರ್ ಗೋಡೆಗೆ ಅಂಟುತ್ತದೆ. ಕುಲುಕಿ, ಐದು ನಿಮಿಷ ಬಿಟ್ಟು, ಮತ್ತೆ ಕುಲುಕಿ. ನೊರೆಯಲ್ಲಿ ಉಳಿದದ್ದನ್ನು ತೊಳೆದು ಚೆಲ್ಲಿದರೆ ಡೋಸ್ ಕೂಡ ಚೆಲ್ಲಿದಂತೆ. ಸ್ವಲ್ಪ ನೀರು ಹಾಕಿ ಕುಡಿದುಬಿಡಿ. ಕಹಿ ಇರುತ್ತದೆ, ಅದು ಅದರ ಗುಣ.

ಕಡಿಮೆ ನೀರಿನಲ್ಲಿ ದಪ್ಪಗೆ ಕಲಸಿ ಗುಟುಕರಿಸಬೇಡಿ. ಗಾಢ ದ್ರಾವಣ ಕರುಳಿಗೆ ನೀರು ಎಳೆಯುತ್ತದೆ, ಓಡುವಾಗ ಹೊಟ್ಟೆ ಹಿಡಿದುಕೊಳ್ಳುತ್ತದೆ. ಹೊಸದನ್ನು ಸ್ಪರ್ಧೆಯ ದಿನ ಮೊದಲ ಸಲ ಕುಡಿಯಲೇಬೇಡಿ.

## ಹಂತ 6: ಕೆಲಸ ಮಾಡಿತೇ ಅಂತ ನಿಜವಾಗಿ ನೋಡಿ

ಪುಡಿ ಶುರು ಮಾಡುವ ಮುಂಚೆ ಒಂದೇ ಪರೀಕ್ಷೆಯನ್ನು ಮೂರು ಬೇರೆ ದಿನ ಮಾಡಿ. ಅದೇ ದೂರ, ಅದೇ ಹೊತ್ತು, ಅದೇ ಊಟ, ಅದೇ ಬೂಟು. ‘ಆಗದ ತನಕ ಮಾಡು’ ಅನ್ನುವ ಪರೀಕ್ಷೆ ಬೇಡ, ಅದರ ಫಲಿತಾಂಶ ಆ ದಿನದ ಮನಸ್ಸಿನ ಹಾಗೆ ಏರಿಳಿಯುತ್ತದೆ. ನಿಗದಿತ ದೂರವನ್ನು ಎಷ್ಟು ಬೇಗ ಮುಗಿಸುತ್ತೀರಿ ಅಂತ ನೋಡುವುದು ಮೇಲು.

ನನ್ನ ಪುಸ್ತಕದಲ್ಲಿ ಹೀಗಿತ್ತು: 3 ನಿಮಿಷ 52 ಸೆಕೆಂಡ್, 3:58, 3:49. ಏನೂ ಕುಡಿಯದೆಯೇ ಒಂಬತ್ತು ಸೆಕೆಂಡ್ ವ್ಯತ್ಯಾಸ. ಆಮೇಲೆ ಪುಡಿ ಕುಡಿದು 3:50 ಬಂದಾಗ ಕುಣಿದಾಡಿದ್ದೆ. ಪುಟ ತಿರುಗಿಸಿದ ಮೇಲೆ ಕುಣಿತ ನಿಂತಿತು. ಬೀಟಾ ಅಲನಿನ್‌ನಂಥದ್ದರ ಲಾಭ ಬಂದರೂ ಶೇ 1–3ರ ಆಸುಪಾಸು. ನಾಲ್ಕು ನಿಮಿಷದ ಓಟದಲ್ಲಿ ಶೇ 2 ಅಂದರೆ ಐದು ಸೆಕೆಂಡ್. ಒಂದು ಸಲ ಓಡಿ ಅದನ್ನು ಹಿಡಿಯಲಾಗದು. ಪುಡಿಯ ನಂತರವೂ ಮೂರು ಸಲ ಓಡಿ, ನಡುವಿನ ಸಂಖ್ಯೆಯನ್ನು ನಡುವಿನ ಸಂಖ್ಯೆಗೆ ಹೋಲಿಸಿ.

ಬಿಸಿಎಎ, ಸಿಟ್ರುಲಿನ್ ತರಹ ಆ ದಿನವೇ ಕುಡಿಯುವಂಥದ್ದಕ್ಕೆ ಸ್ನೇಹಿತರ ಸಹಾಯ ಪಡೆಯಿರಿ. ಎರಡು ಬಾಟಲಿ, ಎರಡರಲ್ಲೂ ಜೋರು ಹುಳಿ ರುಚಿ, ಒಂದರಲ್ಲಿ ಮಾತ್ರ ಪುಡಿ. ಯಾವುದರಲ್ಲಿ ಅಂತ ಅವರಿಗೆ ಮಾತ್ರ ಗೊತ್ತಿರಲಿ, ಅದನ್ನು ಅವರು ಚೀಟಿಯಲ್ಲಿ ಬರೆದು ಮಡಚಿಡಲಿ. ಆರು ದಿನದ ಪರೀಕ್ಷೆ ಮುಗಿದ ಮೇಲೆ ಚೀಟಿ ತೆರೆಯಿರಿ. ಬೀಟಾ ಅಲನಿನ್‌ಗೆ ಈ ಆಟ ನಡೆಯುವುದಿಲ್ಲ. ಜುಮುಜುಮು ಗುಟ್ಟು ಬಿಟ್ಟುಕೊಡುತ್ತದೆ, ಜೊತೆಗೆ ತುಂಬಿದ ಕಾರ್ನೋಸಿನ್ ಇಳಿಯಲು ವಾರಗಟ್ಟಲೆ ಬೇಕು.

## ಹಂತ 7: ಯಾವಾಗ ನಿಲ್ಲಿಸಬೇಕು

ತಕ್ಷಣ ಆಸ್ಪತ್ರೆಗೆ ಹೋಗಬೇಕಾದವು ಇವು: ಮೂತ್ರ ಕಪ್ಪು ಚಹಾ ಅಥವಾ ಕೋಲಾ ಬಣ್ಣಕ್ಕೆ ತಿರುಗಿ, ಸ್ನಾಯು ಊದಿ ವಿಪರೀತ ನೋವು (ಸ್ನಾಯು ಒಡೆದು ರಕ್ತಕ್ಕೆ ಸೇರುತ್ತಿದೆ, ಮೂತ್ರಪಿಂಡಕ್ಕೆ ಅಪಾಯ), ಎದೆನೋವು, ಕಣ್ಣು ಕತ್ತಲೆ ಬಂದು ಬೀಳುವುದು, ತುಟಿ, ನಾಲಿಗೆ ಊದಿ ಉಸಿರು ಕಟ್ಟುವುದು. ಬರೀ ಜುಮುಜುಮುಗೂ ಈ ಅಲರ್ಜಿಗೂ ಗೊಂದಲ ಮಾಡಿಕೊಳ್ಳಬೇಡಿ. ಬಹಳ ನೀರು ಕುಡಿದ ಮೇಲೆ ತಲೆನೋವು, ವಾಂತಿ, ಮಾತು ತಡವರಿಸುವುದು ಕಂಡರೆ ಸೋಡಿಯಂ ಇಳಿದಿರಬಹುದು, ಇನ್ನಷ್ಟು ನೀರು ಕೊಡಬೇಡಿ.

ಹೊಟ್ಟೆ ಉಬ್ಬರ, ಭೇದಿ, ನಿದ್ದೆ ಬಾರದಿರುವುದು, ಎದೆ ಡವಡವ ಅನ್ನುವುದು ಇದ್ದರೆ ಪುಡಿ ನಿಲ್ಲಿಸಿ ಒಂದು ವಾರ ನೋಡಿ. ಕೊನೆಯ ಎರಡಕ್ಕೆ ಮೊದಲ ಅನುಮಾನ ಕೆಫೀನ್ ಮೇಲೆ. ಡವಡವ ಹೋಗದಿದ್ದರೆ ತೋರಿಸಿಕೊಳ್ಳಿ.

ಏನೂ ತೊಂದರೆ ಇಲ್ಲ, ಆದರೆ ಸಂಖ್ಯೆಯೂ ಬದಲಾಗಿಲ್ಲ ಅಂದರೆ? ಬೀಟಾ ಅಲನಿನ್, ಕ್ರಿಯೇಟಿನ್ ಆಗಿದ್ದರೆ ಆರರಿಂದ ಎಂಟು ವಾರ ಕೊಟ್ಟು ನಿಲ್ಲಿಸಿ. ಆ ದಿನವೇ ಕೆಲಸ ಮಾಡಬೇಕಾದದ್ದಾಗಿದ್ದರೆ ಚೀಟಿ ತೆರೆದ ದಿನವೇ ನಿಲ್ಲಿಸಿ. ಸ್ವಲ್ಪ ಸ್ವಲ್ಪವಾಗಿ ಬಿಡುವ ಅಗತ್ಯ ಇಲ್ಲ. ಕ್ರಿಯೇಟಿನ್ ಬಿಟ್ಟವರ ತೂಕ ಕೆಲವು ವಾರದಲ್ಲಿ ಒಂದು ಕೆಜಿಯಷ್ಟು ಇಳಿಯಬಹುದು. ಅದು ಸೇರಿಕೊಂಡಿದ್ದ ನೀರು. ಸ್ನಾಯು ಕರಗಿತು ಅಂತ ಗಾಬರಿಯಾಗಿ ಮತ್ತೊಂದು ಡಬ್ಬಿ ತರಲು ಓಡಬೇಡಿ.